ಹಗಲು ಪಾಳಿಯ ಮುಂಗುಸಿ, ರಾತ್ರಿ ಪಾಳಿಯ ಹಾವು

ಬೆಳಗ್ಗೆ ಹೊರಟಾಗ ಮುಂಗುಸಿ ಎದುರಾದರೆ ಹೋದ ಕೆಲಸ ಕೈಗೂಡುತ್ತದೆ ಎನ್ನುತ್ತಾರೆ ಹಳ್ಳಿಯ ಅಜ್ಜಿಯರು. ಶಕುನ ಹಾಗಿರಲಿ, ಮುಂಗುಸಿ ಓಡಾಡುವುದು ಹಗಲಲ್ಲಿ ಎಂಬುದಂತೂ ಅವರಿಗೆ ಗೊತ್ತು. ಟೋಕಿಯೋದ ಪ್ರಾಣಿಶಾಸ್ತ್ರ ಪ್ರಾಧ್ಯಾಪಕ ಶೋಜಾಬುರೊ ವಾತಾಸೆ ಅವರಿಗೆ ಅಂಥ ಅಜ್ಜಿ ಸಿಗಲಿಲ್ಲವೇನೋ. 1910ರಲ್ಲಿ ಅವರು ಗಂಗಾನದಿ ಸಮುದ್ರ ಸೇರುವ ಸೀಮೆಯಿಂದ ಚಿಕ್ಕ ಮುಂಗುಸಿಗಳನ್ನು ತರಿಸಿ ಜಪಾನಿನ ದಕ್ಷಿಣದ ಒಕಿನಾವಾ ದ್ವೀಪದಲ್ಲಿ ಬಿಡಿಸಿದರು. ಕೆಲಸ: ಹಾಬು ಎಂಬ ವಿಷದ ಹಾವನ್ನು ಮುಗಿಸುವುದು. ಹೆಚ್ಚುವರಿ ಹೊಣೆ: ಹೊಲದ ಇಲಿ. ಹಾಬು ಹೊರಡುವುದೇ ಕತ್ತಲಾದ ಮೇಲೆ, ಇಲಿಯೂ ಅಷ್ಟೇ. ಆ ಹೊತ್ತಿಗೆ ಮುಂಗುಸಿ ಸಹಿ ಹಾಕಿ ಬಿಲ ಸೇರಿರುತ್ತದೆ.

ಅಭ್ಯರ್ಥಿಯ ಪೂರ್ವಾನುಭವವನ್ನಾದರೂ ವಿಚಾರಿಸಬಹುದಿತ್ತು. 1872ರಲ್ಲಿ ಜಮೈಕಾದ ಕಬ್ಬಿನ ತೋಟದ ದೊರೆ ಎಸ್ಪ್ಯೂಟ್ ಭಾರತದಿಂದ ಒಂಬತ್ತು ಮುಂಗುಸಿ ತರಿಸಿದ್ದ. ಮೊದಮೊದಲು ಇಲಿ ಕಡಿಮೆಯಾದವು, ನಿಜ. 1882ರಲ್ಲಿ ಅವನು ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಮುಂಗುಸಿಯನ್ನು ಹಾಡಿ ಹೊಗಳಿದ. ಮರುವರ್ಷವೇ ಹವಾಯಿಯ ತೋಟದವರು ಜಮೈಕಾದಿಂದ 72 ಮುಂಗುಸಿ ಇಳಿಸಿಕೊಂಡರು. ಇತ್ತ ಜಮೈಕಾದ ಇಲಿಗಳು ಮರದ ಮೇಲೆ ಬಿಡಾರ ಹೂಡಿದವು. ಮುಂಗುಸಿಗೆ ಮರ ಹತ್ತುವ ಉಸಾಬರಿ ಏಕೆ? ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿ, ಹಲ್ಲಿ, ಕೋಳಿಮರಿ ಇದ್ದವಲ್ಲ.

ಇಷ್ಟೆಲ್ಲ ಕಡತದಲ್ಲಿರುವಾಗಲೇ, 1979ರಲ್ಲಿ, ಒಕಿನಾವಾದ ಉತ್ತರಕ್ಕಿರುವ ಅಮಾಮಿ ಒಶಿಮಾ ದ್ವೀಪದಲ್ಲಿ ಮತ್ತೆ ಸುಮಾರು 30 ಮುಂಗುಸಿ ಬಿಟ್ಟರು. ಅದೇ ಹುದ್ದೆ, ಅದೇ ಪಾಳಿ. ಆ ದ್ವೀಪವನ್ನೂ ಪಕ್ಕದ ಟೊಕುನೊಶಿಮಾವನ್ನೂ ಬಿಟ್ಟರೆ ಜಗತ್ತಿನಲ್ಲೆಲ್ಲೂ ಇಲ್ಲದ ಕಪ್ಪು ಮೊಲವೊಂದು ಅಲ್ಲಿದೆ. ಅದೂ ನಿಶಾಚರಿ, ಹಗಲೆಲ್ಲ ನಿದ್ದೆ. ಹಗಲು ಡ್ಯೂಟಿಯವನಿಗೆ ಸಿಕ್ಕಿದ್ದು ಹಾವಲ್ಲ, ಮಲಗಿದ್ದ ಮೊಲ.

2000ದ ಹೊತ್ತಿಗೆ ಮೂವತ್ತು ಸುಮಾರು 10,000 ಆಗಿತ್ತು. ಇನ್ನು ವಜಾ ಪ್ರಕ್ರಿಯೆ. ಒಂದು ಮುಂಗುಸಿಗೆ ಇಷ್ಟು ಎಂದು ಇನಾಮು ಇಟ್ಟರು. ಸಿಗುವಷ್ಟು ದಿನ ಜನ ಬೋನಿಟ್ಟರು; ಸಂಖ್ಯೆ ಇಳಿದಂತೆ ಗಳಿಕೆಯೂ ಇಳಿದು ಬೋನು ಮೂಲೆ ಸೇರಿತು. ಕೊನೆಯ ನಾಲ್ಕು ಮುಂಗುಸಿಗಾಗಿ ಬೆಟ್ಟ ಹತ್ತಿ ದಿನಗೂಲಿ ಕಳೆದುಕೊಳ್ಳಲು ಯಾರಿಗೆ ಹುಚ್ಚು? ಆ ನಾಲ್ಕನ್ನು ಬಿಟ್ಟರೆ ಮತ್ತೆ ನಾಲ್ಕು ಸಾವಿರ. ಹಾಗಾಗಿ 2005ರಲ್ಲಿ ಸಂಬಳದ ತಂಡ ಬಂತು. 712 ಚದರ ಕಿಲೋಮೀಟರ್ ದ್ವೀಪದ ಕಾಡಿನಲ್ಲಿ ಸುಮಾರು 30,000 ಬೋನು ಹರಡಿತು. ಹೊಕ್ಕವನನ್ನು ಅಲ್ಲೇ ಮುಗಿಸುವ ಕೊಳವೆ ಬೋನಿಗೆ ಅಲ್ಲಿನದೇ ಅಪರೂಪದ ಮುಳ್ಳಿಲಿಗಳೂ ಬಿದ್ದು ಸತ್ತವು. ಬೋನಿನ ಹತ್ತಿರ ಸುಳಿಯದ ಮುಂಗುಸಿಗಳಿಗಾಗಿ ವಾಸನೆ ಹಿಡಿಯುವ ನಾಯಿಗಳೂ ಕ್ಯಾಮೆರಾಗಳೂ ಬಂದವು. ಕೊನೆಯದು ಸಿಕ್ಕಿದ್ದು 2018ರ ಏಪ್ರಿಲ್‌ನಲ್ಲಿ. ಆಮೇಲೆ ಆರು ವರ್ಷ ಕಾದು, ನಿಜವಾಗಿಯೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ನಿರ್ಮೂಲನೆ ಘೋಷಿಸಿತು. ನೇಮಕಕ್ಕೆ ಒಂದು ದಿನ, ವಜಾಕ್ಕೆ ಕಾಲು ಶತಮಾನ. ಇಲಾಖೆಗಳಲ್ಲಿ ಇದೇನೂ ಹೊಸತಲ್ಲ ಬಿಡಿ.

ಒಕಿನಾವಾದಲ್ಲಿ ಮುಂಗುಸಿ ಈಗಲೂ ಸೇವೆಯಲ್ಲಿದೆ. ಅಲ್ಲಿ ಪ್ರವಾಸಿಗರಿಗಾಗಿ ಹಾವು-ಮುಂಗುಸಿಯನ್ನು ಒಂದೇ ಪೆಟ್ಟಿಗೆಗೆ ಹಾಕಿ ಕಾದಾಡಿಸುತ್ತಿದ್ದರು. ಕಾಡಿನಲ್ಲಿ ಭೇಟಿಯಾಗದ ಇಬ್ಬರಿಗೆ ಟಿಕೆಟ್ಟಿಟ್ಟು ಭೇಟಿ ಮಾಡಿಸಿದ್ದು. ಪ್ರಾಣಿಹಿಂಸೆ ಎಂದು ಅದು ನಿಂತ ಮೇಲೆ ಇಬ್ಬರಿಗೂ ಈಜು ಪಂದ್ಯ ಇಟ್ಟರು.

ಅಮಾಮಿಯಲ್ಲಿ ಹಾಬು ಹಾಗೆಯೇ ಇದೆ. ಹಿಡಿದು ತಂದವರಿಗೆ ಸರ್ಕಾರ ದುಡ್ಡು ಕೊಡುತ್ತದೆ. ಹಿಡಿಯುವವರು ಕೋಲು, ಟಾರ್ಚ್ ಹಿಡಿದು ಹೊರಡುತ್ತಾರೆ, ರಾತ್ರಿ ಹೊತ್ತು.