ಯಾವ ಹುಳ, ಎಷ್ಟನೇ ತಿಂಗಳು?

ನನ್ನ ಹೆಂಡತಿ ಆಗ ಎರಡು ತಿಂಗಳ ಬಸುರಿ. ದೊಡ್ಡ ಮಗಳು ರಾತ್ರಿಯೆಲ್ಲ ಹಿಂದೆ ತುರಿಕೆ ಅಂತ ಅಳುತ್ತಿದ್ದಳು. ಟಾರ್ಚ್ ಹಿಡಿದು ನೋಡಿದರೆ ಬಿಳಿ ದಾರದ ತುಂಡಿನಂಥ ಹುಳಗಳು ಅಲ್ಲಾಡುತ್ತಿದ್ದವು. ಇದು ಒಬ್ಬರಿಗೆ ಬಂದರೆ ಮನೆಮಂದಿಗೆಲ್ಲ ಮಾತ್ರೆ ಕೊಡುವುದು ರೂಢಿ. ನಾವಿರುವುದು ಕರ್ನಾಟಕದಿಂದ ದೂರ, ಬೇರೆ ದೇಶದಲ್ಲಿ. ಇಲ್ಲಿನ ವೈದ್ಯರು ನನಗೂ ಮಗಳಿಗೂ ಮಾತ್ರೆ ಬರೆದರು. ಹೆಂಡತಿಗೆ ಮಾತ್ರ ಬೇಡ ಅಂದರು. ಆರು ವಾರ ಉಗುರು ಚಿಕ್ಕದಾಗಿರಲಿ, ಎದ್ದ ಕೂಡಲೇ ತೊಳೆದುಕೊಳ್ಳಿ, ಹಾಸಿಗೆ ಬಟ್ಟೆ ಒಗೆಯುತ್ತಿರಿ, ಅಷ್ಟು ಸಾಕು ಅಂದರು.

ಅದೇ ವಾರ ಊರಿನಿಂದ ತಂಗಿಯ ಫೋನ್. ಅವಳಿಗೆ ಐದು ತಿಂಗಳು. "ಅಣ್ಣಾ, ಜಂತುಹುಳದ ಮಾತ್ರೆ ಕೊಟ್ಟಿದ್ದಾರೆ. ನಂಗೆ ಹುಳ ಇದೆಯೋ ಇಲ್ವೋ ನೋಡೇ ಇಲ್ಲ. ಅತ್ತಿಗೆಗೆ ಬೇಡ ಅಂದ್ರಂತಲ್ಲ, ನಾನು ತಗೊಂಡ್ರೆ ಮಗುಗೆ ಏನಾದ್ರೂ ಆಗುತ್ತಾ?"

ಏನೂ ಆಗಲ್ಲ ಅಂತ ಸುಮ್ನೆ ಹೇಳಿಬಿಡಲು ಮನಸ್ಸು ಬರಲಿಲ್ಲ. ಕೂತು ಓದಿದೆ, ವೈದ್ಯರನ್ನು ಕೇಳಿದೆ. ಎರಡೂ ಕಡೆ ಮಾಡಿದ್ದು ಸರಿಯೇ ಇತ್ತು. ಹುಳ ಬೇರೆ, ತಿಂಗಳೂ ಬೇರೆ.

ಮಗಳಿಗಿದ್ದ ದಾರದಹುಳ ತುರಿಕೆ ತರುತ್ತದೆ, ನಿದ್ದೆ ಕೆಡಿಸುತ್ತದೆ. ರಕ್ತ ಹೀರುವುದಿಲ್ಲ. ಹೊಸ ಮೊಟ್ಟೆ ಬಾಯಿಗೆ ಹೋಗದಂತೆ ನೋಡಿಕೊಂಡರೆ ಒಳಗಿರುವ ಹುಳ ಕೆಲವು ವಾರಗಳಲ್ಲಿ ತಾನಾಗಿ ಸಾಯುತ್ತದೆ. ಮಗುವಿನ ಅಂಗಾಂಗ ಮೂಡುವ ಮೊದಲ ಮೂರು ತಿಂಗಳಲ್ಲಿ ಅದಕ್ಕಾಗಿ ಔಷಧಿ ಯಾಕೆ, ಅಲ್ವಾ? ತಂಗಿಗೆ ಕೊಟ್ಟ ಮಾತ್ರೆ ಮುಖ್ಯವಾಗಿ ಕೊಕ್ಕೆಹುಳಕ್ಕೆ. ಅದು ಹಾಗಲ್ಲ. ಬರಿಗಾಲಿನ ಚರ್ಮ ತೂರಿ ಒಳಗೆ ಬರುತ್ತದೆ, ಕರುಳಿಗೆ ಕಚ್ಚಿಕೊಂಡು ದಿನಾ ರಕ್ತ ಹೀರುತ್ತದೆ. ಮೊದಲೇ ರಕ್ತ ಕಡಿಮೆ ಇರುವ ಬಸುರಿ ಕಬ್ಬಿಣದ ಮಾತ್ರೆ ನುಂಗುತ್ತಲೇ ಇದ್ದರೂ ಇತ್ತ ಸೋರುತ್ತಲೇ ಇರುತ್ತದೆ.

ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಒಂದು ಗೆರೆ ಹಾಕಿದೆ. ಬಸುರಿಯರಲ್ಲಿ ನೂರಕ್ಕೆ ಕನಿಷ್ಠ 20 ಮಂದಿಗೆ ಕೊಕ್ಕೆಹುಳ ಅಥವಾ ಚಾಟಿಹುಳ (ಕರುಳಿನ ಇನ್ನೊಂದು ಹುಳ), ಜೊತೆಗೆ ಕನಿಷ್ಠ 40 ಮಂದಿಗೆ ರಕ್ತಹೀನತೆ ಇರುವ ಕಡೆ ಪರೀಕ್ಷೆಗೆ ಕಾಯದೆ ಮಾತ್ರೆ ಕೊಡಬೇಕು. ಆಲ್ಬೆಂಡಜೋಲ್ 400 ಮಿಲಿಗ್ರಾಂ ಅಥವಾ ಮೆಬೆಂಡಜೋಲ್ 500 ಮಿಲಿಗ್ರಾಂ, ಒಂದೇ ಸಲ. ಅದೂ ಮೊದಲ ಮೂರು ತಿಂಗಳು ಕಳೆದ ಮೇಲೆ.

ಭಯಕ್ಕೂ ಕಾರಣ ಇದೆ. ಆಲ್ಬೆಂಡಜೋಲ್ ಕೊಟ್ಟ ಇಲಿ, ಮೊಲಗಳ ಮರಿಗಳಲ್ಲಿ ಅಂಗದೋಷ ಕಂಡಿತ್ತು. ಆದರೆ ಕರುಳಿನ ಹುಳಕ್ಕೆ ನುಂಗುವ ಒಂದು ಮಾತ್ರೆಯಲ್ಲಿ ರಕ್ತ ಸೇರುವ ಪಾಲು ಕಡಿಮೆ. ಮಿದುಳಿನಲ್ಲಿ ಲಾಡಿಹುಳದ ಮರಿ ಸೇರಿದಾಗ ದಿನಗಟ್ಟಲೆ ಕೊಡುವ ಜಾಸ್ತಿ ಡೋಸ್‌ಗೆ ಈ ಧೈರ್ಯ ಹೇಳಲಾಗದು. ಮೆಬೆಂಡಜೋಲ್ ಬಗ್ಗೆ ಶ್ರೀಲಂಕಾದಲ್ಲಿ ಏಳು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ನೋಡಿದ ಅಧ್ಯಯನ 1999ರಲ್ಲಿ ಬಂತು. ಮಾತ್ರೆ ತಗೊಂಡವರ ಮಕ್ಕಳಲ್ಲಿ ದೊಡ್ಡ ಅಂಗದೋಷ ಶೇಕಡಾ 1.8, ತಗೊಳ್ಳದವರಲ್ಲಿ 1.5. ಈ ವ್ಯತ್ಯಾಸ ಲೆಕ್ಕಕ್ಕೆ ನಿಲ್ಲುವಂಥದ್ದಲ್ಲ. ಮೊದಲ ಮೂರು ತಿಂಗಳಲ್ಲೇ ತಗೊಂಡಿದ್ದ ಕೆಲವು ನೂರು ಮಂದಿಯಲ್ಲಿ ಮಾತ್ರ ಅದು 2.5 ಇತ್ತು. ಸಂಖ್ಯೆ ಚಿಕ್ಕದು, ಹಾಗಾಗಿ ಅದನ್ನೂ ಖಚಿತ ಅನ್ನುವಂತಿಲ್ಲ. ಆದರೂ ಕಾಯಲು ಆಗುವಾಗ ಕಾಯುವುದು ಒಳ್ಳೆಯದು ಅನ್ನಲು ನನಗೆ ಇಷ್ಟು ಸಾಕು. ಬಸುರಿ ಅಂತ ತಿಳಿಯುವ ಮೊದಲೇ ಒಂದು ಮಾತ್ರೆ ನುಂಗಿದವಳು ಗಾಬರಿಯಾಗಿ ಮಗುವೇ ಬೇಡ ಅನ್ನುವ ಮಟ್ಟಕ್ಕೆ ಹೋಗಬೇಕಾಗಿಲ್ಲ. ವೈದ್ಯರಿಗೆ ದಿನಾಂಕ ಹೇಳಿ, ಸ್ಕ್ಯಾನ್ ತಪ್ಪಿಸದಿದ್ದರೆ ಆಯಿತು.

ನನ್ನ ಬೇಸರ ಬೇರೆ. ಇಲ್ಲಿ ನನ್ನ ಹೆಂಡತಿಯನ್ನು ಯಾರೂ ಎಲ್ಲಿಂದ ಬಂದಿರಿ, ಬರಿಗಾಲಲ್ಲಿ ಓಡಾಡುತ್ತಿದ್ದಿರಾ ಅಂತ ಕೇಳಲಿಲ್ಲ. ಹುಳ ಅಪರೂಪವಾದ ದೇಶಗಳಲ್ಲಿ, ರಕ್ತ ಕಡಿಮೆ ಇರುವ ವಲಸೆ ಬಂದ ಬಸುರಿಗೆ ಒಂದು ಮಲ ಪರೀಕ್ಷೆ ಬರೆಯುವುದು ಯಾರಿಗೂ ಹೊಳೆಯದೆ ಹೋಗಬಹುದು. ಅತ್ತ ತಂಗಿಯ ಕೈಗೆ ಮಾತ್ರೆ ಇಟ್ಟವರು ಅದು ಯಾತಕ್ಕೆ ಅಂತ ಒಂದು ಮಾತು ಹೇಳಿದ್ದರೆ ಅವಳು ಎರಡು ರಾತ್ರಿ ನಿದ್ದೆ ಕೆಡುತ್ತಿರಲಿಲ್ಲ.

ಓದಿದ್ದನ್ನೆಲ್ಲ ಅವಳಿಗೆ ನಿಧಾನವಾಗಿ ಹೇಳಿದೆ. "ನಿನ್ನ ಹಿಮೋಗ್ಲೋಬಿನ್ ಎಷ್ಟಿದೆ ಕೇಳಿದೀಯಾ?" ಅಂದೆ. ಮರುದಿನ ವೈದ್ಯರ ಹತ್ತಿರ ಹೋಗಿ ಅದನ್ನೇ ಮೊದಲು ಕೇಳಿದಳಂತೆ. ಒಂಬತ್ತು ಇತ್ತು, ಕಡಿಮೆಯೇ. ಅಲ್ಲೇ ಅವರೆದುರು ಮಾತ್ರೆ ನುಂಗಿ ಬಂದಳು.