ಏಡಿಗೆ ಎಷ್ಟು ಹಲ್ಲು?

ನಮ್ಮ ಮಡಿಕೇರಿ ಕಡೆ ಭಾನುವಾರ ಅಂದ್ರೆ ಗೊತ್ತಲ್ಲ, ಒಂದಕ್ಕೆ ಊಟ, ಎರಡಕ್ಕೆ ನಿದ್ದೆ. ಮೊನ್ನೆ ಮೂರಾದ್ರೂ ಏಡಿಗಳು ಸಿಂಕಲ್ಲೇ ಇದ್ವು. ಬಾವ ಅವುಗಳ ಹಲ್ಲು ಎಣಿಸ್ತಿದ್ರು.

ಬಾವ ಮಂಗಳೂರಿನವ್ರು. ಸಂಪಾಜೆ ಘಾಟಿ ಹತ್ತಿಸಿ ಐಸ್ ಹಾಕಿ ಏಡಿ ತಂದ್ರಲ್ಲ, ಅಷ್ಟಕ್ಕೆ ಪುಣ್ಯ ಬರ್ಲಿ. ನನ್ನ ಮಗಳು "ಮಾಮ, ಇದ್ರ ಬೆನ್ನಲ್ಲಿ ಯಾಕೆ ಮೂರು ಕಣ್ಣು?" ಅಂದಿದ್ದೇ ತಡ, ಕ್ಲಾಸ್ ಶುರು. ಅದು ಕಣ್ಣಲ್ಲ ಪುಟ್ಟಿ, ಬಿಳಿ ಅಂಚಿರೋ ಕಡುಗೆಂಪು ಚುಕ್ಕಿ, ಇದು ಪೋರ್ಟುನಸ್ ಸ್ಯಾಂಗ್ವಿನೊಲೆಂಟಸ್, 1783ರಲ್ಲಿ ಹರ್ಬ್‌ಸ್ಟ್ ಅನ್ನೋರು ಹೆಸರಿಟ್ಟಿದ್ದು, ಹಿಂದಿನ ಜೊತೆ ಕಾಲು ನೋಡು, ದೋಣಿ ಹುಟ್ಟಿನ ಥರ ಚಪ್ಪಟೆ, ಅದ್ರಲ್ಲೇ ಈಜೋದು.

ಮೂರು ಚುಕ್ಕಿ ಕಂಡ್ತಲ್ಲ, ಗುರುತು ಸಿಕ್ತಲ್ಲ, ಬಿಡ್ಬಹುದಿತ್ತು. ಇಲ್ಲ, ಖಾತ್ರಿ ಮಾಡ್ಕೋಬೇಕಂತೆ. ಕಣ್ಣಿಂದ ಆಚೆಗೆ ಚಿಪ್ಪಿನ ಅಂಚಲ್ಲಿ ಒಂದೊಂದು ಕಡೆ ಒಂಬತ್ತು ಹಲ್ಲು, ಕೊನೇದು ಉದ್ದ ಮುಳ್ಳು. ಒಂದ್ರಲ್ಲಿ ಎಂಟೇ ಬಂತು. ಮತ್ತೆ ಎಣಿಸಿದ್ರು, ನನ್ ಕೈಲಿ ಮೊಬೈಲ್ ಟಾರ್ಚ್ ಹಿಡಿಸಿದ್ರು, ಆಮೇಲೆ ನೋಡಿದ್ರೆ ಒಂದು ಹಲ್ಲು ಮುರಿದಿತ್ತು! ಸಮಾಧಾನ ಆಯ್ತು ಅವ್ರಿಗೆ. ಮಗಳು ಕೇಳಿದ್ಲು, "ಹಾಗಾದ್ರೆ ಆ ನೀಲಿ ಏಡಿಗೆ ಎಷ್ಟು ಮಾಮ?"

"ಅದಕ್ಕೂ ಒಂಬತ್ತೇ."

ಒಳಗೆ ಅಮ್ಮ ಪಾತ್ರೆ ಕುಕ್ಕಿದ್ರು. ಅಳಿಯನಿಗೆ ಬೈಯೋ ಹಾಗಿಲ್ಲ, ಅದಕ್ಕೆ "ಟಾರ್ಚ್ ಹಿಡ್ಕೊಂಡು ನಿಂತಿದ್ದಾನೆ ನೋಡು ದೊಡ್ಡ ಮನುಷ್ಯ" ಅಂತ ನನಗೆ ಬಿತ್ತು. ಮಸಾಲೆ ರುಬ್ಬಿಟ್ಟು ಎಷ್ಟೊತ್ತಾಗಿತ್ತೋ, ಕಡುಬು ತಣ್ಣಗಾಗಿತ್ತು, ಬಾವ ಏಡಿ ಮಗುಚಿ ಹೊಟ್ಟೆ ಪಟ್ಟಿ ಕಿರಿದಾಗಿದ್ರೆ ಗಂಡು, ಅಗಲ ಇದ್ರೆ ಹೆಣ್ಣು ಅಂತ ಎರಡು ಗುಂಪು ಮಾಡ್ತಿದ್ರು. ಸಾರಲ್ಲಿ ಎಲ್ಲಾ ಒಟ್ಟಿಗೇ ಬೇಯೋದಲ್ವಾ ಸ್ವಾಮಿ?

ನಮ್ಮಜ್ಜಿ ಮಳೆಗಾಲದಲ್ಲಿ ಗದ್ದೆ ಏಡಿ ಹಿಡೀತಿದ್ರು. ಅವ್ರಿಗೆ ಏಡೀಲಿ ಎರಡೇ ಜಾತಿ, ಸಿಕ್ಕಿದ್ದು ಮತ್ತೆ ತಪ್ಪಿಸ್ಕೊಂಡಿದ್ದು. ಸೀರೆ ಎತ್ತಿ ಕಟ್ಕೊಂಡು, ಮಳೆಗೆ ತಲೆ ಮೇಲೆ ಗೊರಗದ ಹೊದಿಕೆ ಹಾಕ್ಕೊಂಡು, ಬದುವಿನ ಬಿಲಕ್ಕೆ ಕೈ ಹಾಕೋರು, ನಾನು ಬುಟ್ಟಿ ಹಿಡ್ಕೊಂಡು ಹಿಂದೆ. ಈಗ ಆ ಗದ್ದೇಲಿ ಹೋಂಸ್ಟೇಯವ್ರ ಕಾರು ನಿಲ್ಲುತ್ತೆ.

ಅಂತೂ ನಾಲ್ಕೂವರೆಗೆ ಸಾರು ಬಂತು, ನಮ್ಮ ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಹಾಕಿದ್ದು, ರುಚಿಗೆ ಎರಡು ಮಾತಿಲ್ಲ. ಬಾವ ಬೆಂದು ಕೆಂಪಾದ ಚಿಪ್ಪೆತ್ತಿ, ಈ ಬಣ್ಣ ಮೊದ್ಲಿಂದ್ಲೂ ಇರುತ್ತೆ, ಪ್ರೋಟೀನ್ ಹಿಡ್ಕೊಂಡಿರುತ್ತೆ, ಬಿಸಿಗೆ ಬಿಡುತ್ತೆ ಅಂದ್ರು. ಯಾರೂ ತಲೆ ಎತ್ತಲಿಲ್ಲ.

ಹೊರಡುವಾಗ ಹೇಳಿದ್ರು, "ಜೂನ್ 1ರಿಂದ ಜುಲೈ 31ರವರೆಗೆ ಬೋಟ್ ರಜೆ ಅತ್ತೆ. ಆಗಸ್ಟಲ್ಲಿ ಶಿಲುಬೆ ಏಡಿ ತರ್ತೀನಿ, ಅದಕ್ಕೆ ಆರೇ ಹಲ್ಲು."

"ಆರೇನಾ? ಬೇಗ ಆಗುತ್ತೆ ಬಿಡಿ" ಅಂದ್ರು ಅಮ್ಮ.