ಒಂದೇ ಅರ್ಜಿ ಇರಲಿ, ಅದು ಹೋಗುವವನ ಕಣ್ಣಿಗೂ ಕಾಣಲಿ

2024ರ ಜೂನ್‌ನಲ್ಲಿ ನನ್ನ ಚಿಕ್ಕಮ್ಮನ ಮಗ ದುಬಾಯಿಗೆ ಹೊರಟ. ಕಾಸರಗೋಡಿನ ಬದಿಯಡ್ಕದಿಂದ ಮಂಗಳೂರು ವಿಮಾನ ನಿಲ್ದಾಣದವರೆಗೆ ಬಿಟ್ಟು ಬಂದವನು ನಾನೇ. ಅವನ ಕೈಯಲ್ಲಿದ್ದದ್ದು 60 ದಿನದ ವಿಸಿಟ್ ವಿಸಾ. "ಮೊದಲು ವಿಸಿಟಲ್ಲಿ ಹೋಗಲಿ. ಅಲ್ಲಿ ಇಳಿದ ಮೇಲೆ ಕಂಪೆನಿಯವರು ವರ್ಕ್ ಪರ್ಮಿಟ್ ಹಾಕ್ತಾರೆ, ಮತ್ತೆ ವಿಸಾ ಚೇಂಜ್ ಮಾಡುವುದು ಮಾತ್ರ" ಎಂದಿದ್ದ ಏಜೆಂಟ್. ಗಲ್ಫಿಗೆ ಒಬ್ಬರೂ ಹೋಗದ ಮನೆ ನಮ್ಮ ಕಡೆ ಅಪರೂಪ. ಈ ಮಾತು ಎಲ್ಲರ ಜಗಲಿಯಲ್ಲೂ ಕೇಳಿದ್ದೇ. ಹಾಗಾಗಿ ನಾನೂ ನಂಬಿದೆ.

ಇಳಿದ ಮೂರನೇ ದಿನವೇ ಗೋದಾಮಿನಲ್ಲಿ ಕೆಲಸ ಶುರು. ಪರ್ಮಿಟ್ ಮಾತ್ರ ಬರಲಿಲ್ಲ. ಕೇಳಿದಾಗಲೆಲ್ಲ "ಅಪ್ಲೈ ಮಾಡಿದ್ದೇವೆ, ಪ್ರೋಸೆಸ್‌ನಲ್ಲಿದೆ" ಎಂಬ ಒಂದೇ ಉತ್ತರ. ಆಗಸ್ಟ್‌ನಲ್ಲಿ ವಿಸಿಟ್ ಮುಗಿಯಿತು, ದಿನಕ್ಕೆ 50 ದಿರ್ಹಂ ದಂಡ ಏರತೊಡಗಿತು. ಸಂಬಳ ಒಂದು ತಿಂಗಳದ್ದೂ ಸಿಗಲಿಲ್ಲ. "ಅಣ್ಣಾ, ರೂಮಿಂದ ಹೊರಗೆ ಹೋಗ್ಲಿಕ್ಕೆ ಹೆದರಿಕೆ ಆಗ್ತದೆ, ಅಮ್ಮನಿಗೆ ಹೇಳ್ಬೇಡಿ" ಎಂದು ರಾತ್ರಿ ಫೋನ್ ಮಾಡುತ್ತಿದ್ದ. ನಾನು ಚಿಕ್ಕಮ್ಮನ ಎದುರು ಕೂತು ಎಲ್ಲ ಸರಿ ಇದೆ ಎಂದು ಸುಳ್ಳು ಹೇಳಿದೆ. ಆ ಸೆಪ್ಟೆಂಬರ್ 1ರಿಂದ ಯುಎಇ ಸರಕಾರ ಕ್ಷಮಾದಾನ ಘೋಷಿಸದೆ ಇದ್ದರೆ ದಂಡ ಕಟ್ಟಲು ತೋಟ ಅಡವಿಡಬೇಕಾಗುತ್ತಿತ್ತು. ಅಕ್ಟೋಬರ್‌ನಲ್ಲಿ ಬರಿಗೈಯಲ್ಲಿ ಮನೆಗೆ ಬಂದ.

ಅಂದಿನಿಂದ ಈ ವಿಷಯ ನನ್ನ ತಲೆಯಿಂದ ಇಳಿದಿಲ್ಲ. ಕೆಲಸದ ಪರ್ಮಿಟ್ ಕೊಡುವುದು ಒಂದು ಇಲಾಖೆ, ದೇಶದೊಳಗೆ ಇರಲು ವಿಸಾ ಕೊಡುವುದು ಇನ್ನೊಂದು. ಎರಡರ ನಡುವೆ ಒಂದು ಸಂದಿ. ವಿಸಿಟ್ ವಿಸಾದ ವ್ಯಾಪಾರ ಬದುಕಿರುವುದೇ ಆ ಸಂದಿಯಲ್ಲಿ. ಪರ್ಮಿಟ್ ಮತ್ತು ವಿಸಾ ಎರಡೂ ಒಂದೇ ಅರ್ಜಿಯಲ್ಲಿ, ಮನೆಯಿಂದ ಹೊರಡುವ ಮೊದಲೇ ಆಗಬೇಕು ಎಂದು ನಾನು ಹೇಳುವುದು ಅದಕ್ಕೇ.

ಇದು ಆಗದ ಕೆಲಸವೇನಲ್ಲ. ಯುರೋಪ್ ಒಕ್ಕೂಟ 2011ರಲ್ಲೇ ವಾಸಕ್ಕೂ ಕೆಲಸಕ್ಕೂ ಒಂದೇ ಪರ್ಮಿಟ್ ಎಂಬ ನಿಯಮ ತಂದಿದೆ. ಕತಾರ್ ತನ್ನ ವಿಸಾ ಕೇಂದ್ರವನ್ನು ಕೊಚ್ಚಿಯಲ್ಲೇ ತೆರೆದಿದೆ. ಮೆಡಿಕಲ್, ಬೆರಳಚ್ಚು, ಕರಾರಿಗೆ ಸಹಿ ಎಲ್ಲ ಇಲ್ಲೇ ಮುಗಿಯುತ್ತದೆ. ದುಬಾಯಿಯಲ್ಲೂ 2024ರಲ್ಲೇ 'ವರ್ಕ್ ಬಂಡಲ್' ಬಂತು. ಪರ್ಮಿಟ್, ಮೆಡಿಕಲ್, ಎಮಿರೇಟ್ಸ್ ಐಡಿ (ಅಲ್ಲಿಯ ಗುರುತಿನ ಚೀಟಿ), ವಿಸಾ ಎಲ್ಲ ಒಂದೇ ಕಡೆ. 30 ದಿನದ ಕೆಲಸವನ್ನು 5 ದಿನಕ್ಕೆ ಇಳಿಸುವುದು ಅದರ ಗುರಿ.

ನನ್ನ ತಮ್ಮ ಹೋದದ್ದೂ ಅದೇ ವರ್ಷ! ಬಾಗಿಲು ಇತ್ತು, ಕಂಪೆನಿ ತಟ್ಟಲೇ ಇಲ್ಲ. ತಟ್ಟಿದ್ದಾರೋ ಇಲ್ಲವೋ ಎಂದು ಅವನಿಗೆ ತಿಳಿಯಲೂ ಇಲ್ಲ. ಅರ್ಜಿ ಹಾಕುವವನು ಮಾಲಕ, ಕಾಯುವವನು ಕೆಲಸಗಾರ. ಎರಡು ಅರ್ಜಿಯನ್ನು ಒಂದು ಮಾಡಿ ಆ ಒಂದನ್ನೂ ಮಾಲಕನ ಕಪಾಟಿನಲ್ಲೇ ಇಟ್ಟರೆ ಹೋಗುವವನಿಗೆ ಏನು ಲಾಭ? ಅರ್ಜಿ ಹಾಕಿದ ದಿನವೇ ಅದರ ನಂಬರು ಅವನ ಮೊಬೈಲಿಗೆ ಬರಬೇಕು. ಅದೂ ಅವನು ಓದುವ ಭಾಷೆಯಲ್ಲಿ.

ಭಾಷೆಯ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಯುಎಇಯ ಆಫರ್ ಲೆಟರ್ ಮಲಯಾಳ, ತಮಿಳು, ಹಿಂದಿಯಲ್ಲೂ ಸಿಗುತ್ತದೆ, ಕನ್ನಡದಲ್ಲಿ ಇಲ್ಲ. ಕಾಸರಗೋಡಿನವರಿಗೆ ಮಲಯಾಳ ಸಾಕಲ್ಲವೇ ಎನ್ನುವವರಿದ್ದಾರೆ. ತಮ್ಮ ಮಲಯಾಳ ಚೆನ್ನಾಗಿಯೇ ಮಾತಾಡುತ್ತಾನೆ. ಆದರೆ ಕನ್ನಡ ಮೀಡಿಯಂನಲ್ಲಿ ಕಲಿತವನು, ಕರಾರಿನ ಮಲಯಾಳ ಓದಿ ಅರ್ಥ ಮಾಡಿಕೊಳ್ಳುವಷ್ಟು ಅವನಿಗೆ ಬರುವುದಿಲ್ಲ.

ಹತ್ತನೇ ಪಾಸಾಗದವರ ಪಾಡು ಇನ್ನೂ ಕಷ್ಟ. ಅವರು ಕೆಲಸದ ವಿಸಾದಲ್ಲಿ ಹೋದರೆ ವಿದೇಶಕ್ಕೆ ಕೆಲಸಕ್ಕೆ ಹೋಗುವವರಿಗಾಗಿ ನಮ್ಮ ಸರಕಾರ ಮಾಡಿದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಹೆಸರು ದಾಖಲಾಗುತ್ತದೆ, ಪ್ರವಾಸಿ ಭಾರತೀಯ ಬಿಮಾ ಯೋಜನೆ ಎಂಬ 10 ಲಕ್ಷ ರೂಪಾಯಿಯ ವಿಮೆಯೂ ಇರುತ್ತದೆ. ವಿಸಿಟಲ್ಲಿ ಹೋದರೆ ಇವು ಯಾವುದೂ ಇಲ್ಲ. ಬಿದ್ದರೂ ಸತ್ತರೂ ಲೆಕ್ಕದಲ್ಲಿ ಅವನೊಬ್ಬ ಪ್ರವಾಸಿ.

ಒಂದು ಹೆದರಿಕೆಯೂ ನನಗಿದೆ. ಪರ್ಮಿಟ್ಟೂ ವಿಸಾವೂ ಒಂದೇ ಆದರೆ ಕೆಲಸ ಹೋದ ದಿನವೇ ನೆಲೆಯೂ ಹೋಗಬಾರದು. ಯುರೋಪಿನವರು 2024ರಲ್ಲಿ ನಿಯಮ ತಿದ್ದುವಾಗ ಇದನ್ನು ಯೋಚಿಸಿದ್ದಾರೆ: ಕೆಲಸ ಕಳಕೊಂಡವನ ಪರ್ಮಿಟನ್ನು ಆ ಕಾರಣಕ್ಕೆ ಕನಿಷ್ಠ 3 ತಿಂಗಳು ಕಿತ್ತುಕೊಳ್ಳುವಂತಿಲ್ಲ, ಬೇರೆ ಮಾಲಕನನ್ನು ಹುಡುಕುವ ಹಕ್ಕೂ ಇದೆ.

ತಮ್ಮನಿಗೆ ಈಗ ಶಾರ್ಜಾದಿಂದ ಇನ್ನೊಂದು ಆಫರ್ ಬಂದಿದೆ. "ವಿಸಿಟಲ್ಲಿ ಬಂದ್ರೆ ಬೇಗ ಆಗ್ತದೆ" ಎಂದು ಈ ಏಜೆಂಟನೂ ಹೇಳಿದ. ಪರ್ಮಿಟ್ ನಂಬರು ಕಳಿಸಿ, ನಾವೇ ನೋಡಿದ ಮೇಲೆ ಟಿಕೆಟ್ ಎಂದು ತಮ್ಮ ಹೇಳಿಬಿಟ್ಟಿದ್ದಾನೆ. ಎರಡು ವಾರ ಆಯಿತು, ನಂಬರು ಬಂದಿಲ್ಲ. ಪಾಸ್‌ಪೋರ್ಟ್ ಚಿಕ್ಕಮ್ಮನ ಪೆಟ್ಟಿಗೆಯಲ್ಲೇ ಇದೆ.